ಇಂಚರ ಎಂದು ಕರೆದದ್ದು

ಕೂಸಿಗೆ ಹಾಕುವ ಲೋಬಾನದ ಹೊಗೆ ಮೂಗಿಗೆ ಬಡಿದರೆ ಈಗಲೂ ಸೊಲ್ಲಾಪುರದ ನಮ್ಮ ಮನೆಯ ಆ ಮಧ್ಯಾಹ್ನಕ್ಕೆ ಹೋಗಿಬಿಡುತ್ತೇನೆ. ಅಂದು ನನ್ನ ತಂಗಿಯ ನಾಮಕರಣ. ನನಗೆ ಎಂಟು ವರ್ಷ. ವಿಜಾಪುರದಲ್ಲಿ ಕನ್ನಡ ಶಾಲೆ ಕಲಿತ ಅವ್ವ, ಬಸುರಿಯಿದ್ದಾಗ ಓದಿದ ಯಾವುದೋ ಕಾದಂಬರಿಯಿಂದ ಒಂದು ಹೆಸರು ಆರಿಸಿಟ್ಟು ನನಗೊಬ್ಬಳಿಗೇ ಹೇಳಿದ್ದಳು. ಇಂಚರ, ಅಂದರೆ ಹಕ್ಕಿಯ ಇಂಪಾದ ದನಿ.

ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಅವಳು ತೊಟ್ಟಿಲಿಗೆ ಬಗ್ಗುವ ಮೊದಲು ಅವ್ವ ಮೆಲ್ಲಗೆ, "ಅಕ್ಕಾರ, ಇಂಚರ ಅಂತ ಇಡ್ರಿ" ಎಂದಳು.

ಮರಾಠಿ ಶಾಲೆ ಕಲಿತ ಅತ್ತೆ ನಕ್ಕಳು. "ಅಯ್ಯ, ನಮ್ಮ ದುಕಾನದಾಗ ಅರಿವಿ ಅಳಿತಾರಲ್ಲ, ಆ ಇಂಚೇನ?"

ಹೆಂಗಸರೆಲ್ಲ ನಕ್ಕರು. ಅವ್ವನೂ ನಕ್ಕಳು. ಅಪ್ಪ ಅಡಿಕೆಯ ತಟ್ಟೆಯನ್ನೇ ನೋಡುತ್ತಿದ್ದ. ಅರ್ಥ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲೇ ಅತ್ತೆ ಬಗ್ಗಿ "ಸುನೀತಾ" ಎಂದಳು. ಹೆಸರಿಟ್ಟವಳಿಗೆ ಗುದ್ದುವ ಪದ್ಧತಿಯಂತೆ ಎಲ್ಲರೂ ಅತ್ತೆಯ ಬೆನ್ನಿಗೆ ಗುದ್ದಿ ಸಂಭ್ರಮಪಟ್ಟರು.

ಮಂದಿ ಹೋದ ಮೇಲೆ ನಾನು ತೊಟ್ಟಿಲಿಗೆ ಬಾಯಿ ಹಚ್ಚಿ "ಇಂಚರಾ" ಎಂದು ಕರೆದೆ. ಕೂಸು ಕಣ್ಣು ಹೊರಳಿಸಿತು. ಅವ್ವ ಬಂದು ನನ್ನ ಬಾಯಿ ಮುಚ್ಚಿದಳು.

"ಬ್ಯಾಡವಾ. ಎರಡು ಹೆಸರ್ಲೇ ಕರದ್ರ ಕೂಸು ಯಾವುದಕ್ಕ ಓ ಅನಬೇಕು? ನೀನೂ ಸುನೀತಾ ಅನ್ನು."

ಅಂದೆ.

"ಇನ್ನೊಮ್ಮಿ ಅನ್ನು" ಎಂದು ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.