ಹೆಣದ ಹೆಬ್ಬೆರಳು

"ನಿಲ್ಲಿಸಮ್ಮ. ಸ್ವಲ್ಪ ಹಿಂದಕ್ಕೆ. ಹಾಂ, ಇಲ್ಲೇ."

ರಿಮೋಟು ಪೂರಬಿಯ ಕೈಯಲ್ಲಿತ್ತು. ಓಣಿಯ ಕ್ಲಬ್ಬಿನ ಹನ್ನೊಂದು ತಲೆಗಳು ಟೀವಿಯತ್ತ ಬಾಗಿದವು. ಪರದೆಯ ಮೇಲೆ ಅಂಗಳ, ಅಂಗಳದಲ್ಲಿ ಮಂಚ, ಮಂಚದ ಮೇಲೆ ಜಮೀನ್ದಾರ ಶಿವಶೇಖರನ ಹೆಣ. ಕಣ್ಣಿನ ಮೇಲೆ ತುಳಸಿ ಎಲೆ, ಮೂಗಿನಲ್ಲಿ ಹತ್ತಿ, ಹಣೆಯಿಂದ ಕೆನ್ನೆಯವರೆಗೆ ಗಂಧ, ಗಲ್ಲದವರೆಗೆ ಸುಗಂಧರಾಜದ ಹಾರ. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ನಲವತ್ತೇಳನೆಯ ಸೆಕೆಂಡಿಗೆ ಎಡಗಾಲಿನ ಹೆಬ್ಬೆರಳು ಮಿಡುಕಿತು.

ನಿಲ್ಲಿಸಲು ಹೇಳಿದ್ದ ಫಣಿಭೂಷಣ ಸರ್ಖೇಲರು ಪರದೆಯತ್ತ ಬೆರಳು ತೋರಿಸಿದರು.

"ನೋಡಿದ್ರಾ? ಸತ್ತಿಲ್ಲ ಅವನು."

'ಸಿಂಹಬಾಡಿ', ಅಂದರೆ ಸಿಂಹರ ಮನೆ, ಎಂಬ ಧಾರಾವಾಹಿ ಶುರುವಾದದ್ದೇ ಆ ಹೆಣದಿಂದ. ಜಮೀನ್ದಾರ ಬದುಕಿದ್ದಾಗ ಹೇಗಿದ್ದ ಎಂಬುದನ್ನು ಒಬ್ಬರೂ ನೋಡಿಲ್ಲ. ಗೋಡೆಯ ಮೇಲಿನ ತೈಲಚಿತ್ರದಲ್ಲೂ ಅವನು ಬೇಟೆಯಾಡಿದ ಹುಲಿಯೇ ಮುಂದಿದೆ. ಅವನು ಹುಲಿಯ ಹಿಂದೆ. ಮೂರು ಸೀಸನ್ನುಗಳಿಂದ ಕಲ್ಕತ್ತೆಯೆಲ್ಲ ಕೊಂದವರು ಯಾರು ಎಂದು ಕೇಳುತ್ತಿತ್ತು. ದುರ್ಗಾಪೂಜೆ ಮುಗಿದ ಮೇಲೆ ಕೊನೆಯ ಸೀಸನ್ನು. ಅಷ್ಟರೊಳಗೆ ಕೊಲೆಗಾರನನ್ನು ಹಿಡಿಯದಿದ್ದರೆ ಓಣಿಯ ಮಾನ ಉಳಿಯುವುದಿಲ್ಲ ಎಂಬಂತೆ ಕ್ಲಬ್ಬು ಪ್ರತಿ ಸಂಜೆ ಸೇರುತ್ತಿತ್ತು.

ಟ್ರಾಮಿನ ಕಂಡಕ್ಟರಾಗಿ ನಿವೃತ್ತರಾದ ಬಟಕೃಷ್ಣರು ಅವಳಿ ತಮ್ಮನೊಬ್ಬ ಇದ್ದಾನೆ ಎಂದು ಸಾಧಿಸುತ್ತಿದ್ದರು. ಮಿಠಾಯಿ ಅಂಗಡಿಯವನಿಗೆ ವಿಧವೆಯ ಮೇಲೆ ಅನುಮಾನ. ಗಂಡ ಸತ್ತ ಮನೆಯಲ್ಲಿ ಸಂದೇಶ್ ಸಿಹಿ ಯಾರು ತರಿಸುತ್ತಾರೆ ಎಂಬುದು ಅವನ ವಾದ. ಎಂ.ಎ. ಮುಗಿಸಿ ಮನೆಯಲ್ಲಿದ್ದ ಪೂರಬಿ ಬಾಯಿ ಬಿಡುತ್ತಿರಲಿಲ್ಲ. ಎಲ್ಲರ ಊಹೆಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆಯುವುದು ಅವಳ ಕೆಲಸ. ಅವಳ ಸ್ವಂತ ಊಹೆ ಕೊನೆಯ ಪುಟದಲ್ಲಿ, ಸಣ್ಣಕ್ಷರದಲ್ಲಿತ್ತು: ಅಡುಗೆಯವಳು. ಮೂರು ಸೀಸನ್ನುಗಳಲ್ಲಿ ಆ ಮನೆಯವರು ಒಮ್ಮೆಯೂ ಮೀನಿನ ಸಾರನ್ನು ಹೊಗಳಿಲ್ಲ.

ಯಾರೂ ಕೊಂದೇ ಇಲ್ಲ ಎನ್ನುತ್ತಿದ್ದವರು ಫಣಿಭೂಷಣರೊಬ್ಬರೇ.

"ಇರುವೆ ಕಚ್ಚಿರುತ್ತೆ ಫಣಿದಾ," ಎಂದರು ಬಟಕೃಷ್ಣರು. "ಪಾಪ, ಯಾವನೋ ಹೊಟ್ಟೆಪಾಡಿಗೆ ಬಂದು ಮಲಗಿದ್ದ. ಅದಕ್ಯಾಕೆ ಇಷ್ಟೊಂದು ರಾದ್ಧಾಂತ?"

ಫಣಿಭೂಷಣರ ಕಿವಿ ಕೆಂಪಾಯಿತು. "ಇರುವೆಗೆಲ್ಲ ಅಲ್ಲಾಡೋ ಮನುಷ್ಯ ಅಲ್ಲ ಅವನು."

"ಹಾಗಾದ್ರೆ ಎದ್ದು ಕೂತು ಒಂದು ಮಾತಾಡಲಿ, ಕೇಳೋಣ."

"ಆಡ್ತಾನೆ. ಆಡದೇ ಹೋದ್ರೆ ಈ ಕ್ಲಬ್ಬಿನ ಮೆಟ್ಟಿಲು ಹತ್ತಲ್ಲ ನಾನು. ನನ್ನ ಕುರ್ಚಿ ನೀನೇ ಇಟ್ಕೋ."

ಯಾರೂ ನಗಲಿಲ್ಲ. ಕಿಟಕಿಯ ಪಕ್ಕದ ಆ ಬೆತ್ತದ ಕುರ್ಚಿ ಇಪ್ಪತ್ತೆರಡು ವರ್ಷಗಳಿಂದ ಅವರದು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಒಂದು ಕೋಣೆ ಮತ್ತು ಆ ಕುರ್ಚಿ. ಕೋರ್ಟಿನ ಎದುರು ಕೂತು ಬೇರೆಯವರ ಅರ್ಜಿಗಳನ್ನು ಟೈಪು ಮಾಡುತ್ತಲೇ ಮುದುಕರಾದ ಮನುಷ್ಯ. ತಮ್ಮ ಮಾತೆಂದು ಅವರು ಆಡುತ್ತಿದ್ದದ್ದು ಇಲ್ಲಿ ಮಾತ್ರ.

ಮರುದಿನದಿಂದ ಅವರು ಪೂರಬಿಯ ಕೈಯಲ್ಲಿ ವಾಹಿನಿಗೆ ಕಾರ್ಡು ಬರೆಸತೊಡಗಿದರು. ಕೈ ನಡುಗುತ್ತದೆ, ನೀನೇ ಬರಿ ಎಂದರು. ಒಟ್ಟು ನಲವತ್ತು ಕಾರ್ಡು, ನಲವತ್ತು ಹೆಸರು, ಒಂದರಲ್ಲೂ ಅವರದಿಲ್ಲ. ಎಲ್ಲದರಲ್ಲೂ ಹೆಬ್ಬೆರಳಿನ ಸಂಗತಿ, ಎಲ್ಲದರ ಕೊನೆಗೂ ಒಂದೇ ಬೇಡಿಕೆ: ಜಮೀನ್ದಾರರು ಒಂದು ಮಾತಾದರೂ ಆಡಲಿ.

ಪೂರಬಿಗೆ ಅನುಮಾನ ಹುಟ್ಟಿದ್ದು ಆಗಲೇ. ಊರಿಗೆಲ್ಲ ಕೊಲೆಗಾರ ಬೇಕು, ಇವರಿಗೇಕೆ ಬರೀ ಮಾತು ಬೇಕು? ಅದೂ ಅಲ್ಲದೆ ಅವರ ಕೋಣೆ ಅವಳ ಮನೆಗೆ ಅಂಟಿಕೊಂಡದ್ದು; ಗೋಡೆಯಾಚೆಯಿಂದ ದಿನಾ ಬೆಳಿಗ್ಗೆ ಅವರು ಉಪ್ಪುನೀರಿನಲ್ಲಿ ಗಂಟಲು ಗಳಗಳಿಸುವ ಸದ್ದು. ಆಮೇಲೆ ಗಡಸು ದನಿಯಲ್ಲಿ, "ಯಾರಲ್ಲಿ?" ಐದಾರು ಬಗೆಯಲ್ಲಿ, "ಯಾರಲ್ಲಿ?" ಗಂಟಲು ಕೆಡಬಾರದೆಂದು ಮೊಸರನ್ನೂ ಬಿಟ್ಟಿದ್ದರು. ಕೊನೆಯ ಸೀಸನ್ನಿನ ಚಿತ್ರಕಥೆ ಹೇಗೋ ಇವರ ಕೈಸೇರಿದೆ ಎಂದು ಅವಳು ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಳು. ದೊಡ್ಡಪ್ಪನೆಂಬಂತೆ ಅವರನ್ನು ಜೇಠು ಎನ್ನುತ್ತಿದ್ದ ಅವಳು ಒಂದು ದಿನ ಧೈರ್ಯ ಮಾಡಿ ಕೇಳಿಯೂ ಬಿಟ್ಟಳು.

"ಜೇಠು, ಅವನು ಬದುಕಿದಾನೆ ಅಂತ ನಿಮಗೆ ಹೇಳಿದ್ದು ಯಾರು?"

"ಹೇಳೋದೇನಮ್ಮ," ಎಂದರು ಫಣಿಭೂಷಣರು, ಎಡಪಾದ ಕೆರೆದುಕೊಳ್ಳುತ್ತ. "ನನ್ನ ಮೈಗೇ ಗೊತ್ತು."

ಗುರುವಾರ ಹತ್ತು ಗಂಟೆಗೆ, ಗಾಜಿನ ಮೇಲೆ 'ಸಿಂಹಬಾಡಿ' ಎಂದು ಅಂಟಿಸಿದ್ದ ಬಿಳಿ ಕಾರು ಓಣಿಗೆ ನುಗ್ಗಿತು. ಟೋಪಿ ಹಾಕಿದ ಹೆಂಗಸೊಬ್ಬಳು ಇಳಿದು, ತಾನು ಸಹಾಯಕ ನಿರ್ದೇಶಕಿ, ಫಣಿಭೂಷಣ ಸರ್ಖೇಲರ ಮನೆ ಯಾವುದು ಎಂದು ಕೇಳಿದಳು. ಓಣಿಗೆ ಓಣಿಯೇ ಹೊರಗೆ ಬಂತು. ಫಣಿಭೂಷಣರು ಇಸ್ತ್ರಿ ಮಾಡಿದ ಧೋತಿಯಲ್ಲಿ ಬಾಗಿಲಲ್ಲೇ ನಿಂತಿದ್ದರು. ಎಷ್ಟು ದಿನಗಳಿಂದ ಹಾಗೆ ಸಿದ್ಧರಾಗಿ ಕಾಯುತ್ತಿದ್ದರೋ.

"ನಿಮ್ಮ ಓಣಿಯ ಕಾರ್ಡುಗಳು ತಲುಪಿದವು," ಎಂದಳು ಆಕೆ. "ಕೊನೆಯ ಸೀಸನ್ನಿನಲ್ಲಿ ಜಮೀನ್ದಾರರು ಬರ್ತಾರೆ."

ಗಲಭೆಯೋ ಗಲಭೆ. ಮಿಠಾಯಿ ಅಂಗಡಿಯವನು ಶಂಖ ಊದಿದ. ಬಟಕೃಷ್ಣರು ತಾವೇ ಬೆತ್ತದ ಕುರ್ಚಿಯನ್ನು ಹೊತ್ತು ತಂದು, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ, ಓಣಿಯ ನಡುವೆ ಇಟ್ಟರು. ಪೂರಬಿ ಮಾತ್ರ ಕದಲಲಿಲ್ಲ. ಕಾರ್ಡುಗಳಲ್ಲಿ ಇಲ್ಲದ ಹೆಸರು ಈಕೆಗೆ ಸಿಕ್ಕಿದ್ದು ಎಲ್ಲಿಂದ?

ಫಣಿಭೂಷಣರು ಗಂಟಲು ಸರಿಮಾಡಿಕೊಂಡರು. "ಮಾತು ಎಷ್ಟಿದೆ?"

"ಮಾತೆಲ್ಲಿಂದ ಬರುತ್ತೆ, ದಾದಾ? ಹೆಣ ಅಲ್ಲಾಡ್ತು ಅಂತ ನಲವತ್ತು ಜನ ಬರೆದಿದ್ದಾರೆ. ನಿರ್ದೇಶಕರಿಗೆ ತಲೆ ಎತ್ತೋಕಾಗ್ತಿಲ್ಲ. ಅದಕ್ಕೇ ಆ ದೃಶ್ಯ ಇನ್ನೊಂದು ಸಲ ತೆಗೆದು ಕೊನೆಯ ಸೀಸನ್ನಿಗೆ ಹಾಕ್ತಿದೀವಿ. ಬನ್ನಿ, ಹೋದ ಸಲ ಮಲಗಿದ ಹಾಗೇ ಮಲಗಿದ್ರೆ ಸಾಕು. ಈ ಸಲ ಹೆಬ್ಬೆರಳು ಕಟ್ಟಿಬಿಡ್ತೀವಿ."

ಇಡೀ ಓಣಿ ಆ ಎರಡು ಪಾದಗಳನ್ನೇ ನೋಡಿತು. ಆಗ, ಮೂರು ಸೀಸನ್ನುಗಳಿಂದ ಸತ್ತು ಮಲಗಿದ್ದ ಸಿಂಹಬಾಡಿಯ ಜಮೀನ್ದಾರರು ಬೆತ್ತದ ಕುರ್ಚಿಯಲ್ಲಿ ಕೂತು, ಗಡಸು ದನಿಯಲ್ಲಿ ಮೊದಲ ಸಲ ಬಾಯಿ ಬಿಟ್ಟರು: "ಇರುವೆ ಕಚ್ಚಿತ್ತು."