ಕಟ್ಟು ಹಾಕಿಸಿದ ಆದೇಶ

"ಈ ಮನೇಲಿ ಲಿಫ್ಟ್ ಮೆಕ್ಯಾನಿಕ್ ಯಾರು?" ಎಂದು ಪೇದೆ ಬಾಗಿಲಲ್ಲಿ ನಿಂತು ಕೇಳಿದಾಗ, ಒಳಗೆ ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದವನ ಎದೆ ಧಸಕ್ಕೆಂದಿತು. ಪೇದೆ ಬರುವುದು ಗೊತ್ತೇ ಇತ್ತು. ದೊಡ್ಡಾಸ್ಪತ್ರೆಯ ಹನ್ನೆರಡು ಲಿಫ್ಟುಗಳನ್ನು ನೋಡಿಕೊಳ್ಳುವ ಖಾಯಂ ಕೆಲಸಕ್ಕೆ ಅವನನ್ನು ಆರಿಸಿದ್ದರು. ಪೊಲೀಸರ ವರದಿಯೊಂದು ಬಂದರೆ ಸೋಮವಾರವೇ ಹಾಜರಾಗಬಹುದಿತ್ತು. ಆದರೂ ಖಾಕಿ ಕಂಡರೆ ಬೆವರುವ ಅಭ್ಯಾಸ ಅಷ್ಟು ಬೇಗ ಬಿಟ್ಟುಹೋಗುತ್ತದೆಯೇ?

ಹತ್ತೊಂಬತ್ತನೇ ವಯಸ್ಸಿನಲ್ಲಿ ಗೆಳೆಯರ ಮಾತು ಕೇಳಿ, ಯಾರದೋ ಬೈಕು ಹಾರಿಸಿಕೊಂಡು ಹೋಗಿ, ಮೂರು ತಿಂಗಳು ಒಳಗಿದ್ದು ಬಂದಿದ್ದ. ಆಮೇಲೆ ಹದಿನಾರು ವರ್ಷ ಯಾರ ತಂಟೆಗೂ ಹೋದವನಲ್ಲ. ಆದರೂ ಇಂಥ ವರದಿಗಳಲ್ಲಿ ಆ ಒಂದು ಸಾಲು ತಪ್ಪದೆ ಇಣುಕಿ ನಾಲ್ಕು ಕೆಲಸ ಕೈತಪ್ಪಿದ್ದವು. ಹೋದ ತಿಂಗಳು ಕೋರ್ಟು ಆ ದಾಖಲೆಯನ್ನೇ ಅಳಿಸಿಹಾಕುವಂತೆ ಆದೇಶ ಮಾಡಿತ್ತು. "ಇನ್ಮೇಲೆ ಯಾರು ಕೇಳಿದ್ರೂ ಕೇಸಿಲ್ಲ ಅನ್ನು. ಅದು ಸುಳ್ಳಲ್ಲ," ಎಂದು ವಕೀಲರು ಪಾಠ ಒಪ್ಪಿಸುವಂತೆ ಮೂರು ಸಲ ಹೇಳಿಸಿ ಕಳಿಸಿದ್ದರು.

ಪೇದೆ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಫಾರಂ ಇಟ್ಟುಕೊಂಡು ಹೆಸರು, ವಯಸ್ಸು, ವಿಳಾಸ ಬರೆದುಕೊಂಡ. ಆಕಳಿಸುತ್ತಾ, "ಕೇಸು ಗೀಸು ಏನಾದ್ರೂ ಇದ್ಯಾ?" ಎಂದ.

"ಇಲ್ಲ ಸಾರ್." ದನಿ ನಡುಗಲಿಲ್ಲ. ಅವನಿಗೇ ಆಶ್ಚರ್ಯವಾಯಿತು.

"ಇಲ್ವೇ ಇಲ್ಲಪ್ಪಾ!" ಎನ್ನುತ್ತಾ ಅಮ್ಮ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದಳು. "ಇತ್ತು, ಅಳಿಸಿಬಿಟ್ರು. ಬೇಕಾದ್ರೆ ನೀನೇ ನೋಡು." ಬೀರುವಿನ ಹಿಂದೆ ಕೈಹಾಕಿ, ಗಾಜು ಹಾಕಿಸಿ ಕಟ್ಟು ಕಟ್ಟಿಸಿದ್ದ ಕೋರ್ಟಿನ ಆದೇಶವನ್ನು ಎಳೆದು ಪೇದೆಯ ಕೈಗಿಟ್ಟಳು. ಆದೇಶ ಬಂದ ವಾರವೇ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ನೇತುಹಾಕಿದವಳು ಅವಳೇ. ಇವತ್ತು ಬೆಳಿಗ್ಗೆ ಇಳಿಸಿ ಬಚ್ಚಿಟ್ಟವನು ಮಗ.

ಪೇದೆ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದ. ಬೈಕಿನ ನಂಬರು, ಹಿಡಿದ ತಾರೀಖು, ಆದ ಶಿಕ್ಷೆ, ಎಲ್ಲವೂ ಅದರಲ್ಲಿತ್ತು. ಐದನೆಯ ಕೆಲಸಕ್ಕೂ ಎಳ್ಳುನೀರು ಬಿಟ್ಟ ಹಾಗಾಯಿತು ಎಂದುಕೊಂಡ ಮೆಕ್ಯಾನಿಕ್. ಅಮ್ಮನ ಮೇಲೆ ಸಿಟ್ಟು ನೆತ್ತಿಗೇರಿತು. ಅವಳ ಮುಖದ ಹೆಮ್ಮೆ ನೋಡಿ ನುಂಗಿಕೊಂಡ.

"ಯಾರಮ್ಮಾ ನಿಮಗೆ ಇದಕ್ಕೆ ಕಟ್ಟು ಹಾಕ್ಸೋಕೆ ಹೇಳಿದ್ದು?" ಎಂದ ಪೇದೆ.

"ಯಾರೂ ಹೇಳ್ಲಿಲ್ಲ. ನಂಗೇ ಹಾಕಿಸ್ಬೇಕು ಅನ್ನಿಸ್ತು."

"ನಾನು ಎಲ್ಲಾ ನೋಡ್ಕೊಂಡೇ ಬಂದಿದ್ದೀನಿ. ಸ್ಟೇಷನ್ನಲ್ಲಿ ಫೈಲಿಲ್ಲ, ಕಂಪ್ಯೂಟರಲ್ಲೂ ಏನಿಲ್ಲ. ಕೇಸಿತ್ತು ಕೇಸಿತ್ತು ಅಂತ ಡಂಗುರ ಹೊಡೀತಿರೋದು ಇಡೀ ಪ್ರಪಂಚದಲ್ಲಿ ಈಗ ಇದೊಂದೇ ಕಾಗದ. ಮೊದಲು ಒಳಗಿಡಿ."

ಹೇಳುತ್ತಲೇ ಅವನು ಕಟ್ಟನ್ನು ಅವಳಿಗೆ ವಾಪಸ್ಸು ಕೊಟ್ಟು, ಫಾರಮ್ಮಿನಲ್ಲಿ 'ಯಾವ ಪ್ರಕರಣವೂ ಇಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದ. ಅದನ್ನು ತಲೆಕೆಳಗಾಗಿಯೇ ಓದಿದ ಮೆಕ್ಯಾನಿಕ್‌ಗೆ ಜೀವ ಬಂದಂತಾಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ನಗು ಬಂತು, ನಗುತ್ತಿರುವಾಗಲೇ ಕಣ್ಣಲ್ಲಿ ನೀರೂ ಬಂತು.

ಅಮ್ಮ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಕಟ್ಟನ್ನು ಎದೆಗವಚಿಕೊಂಡು ಪೇದೆಯನ್ನೇ ನೋಡಿದಳು.

"ಅಲ್ಲಪ್ಪಾ, ಇವನನ್ನ ಜೀಪಿಗೆ ಹತ್ತಿಸಿದ ದಿನ ಬೀದಿಗೆ ಬೀದಿಯೇ ಹೊರಗೆ ಬಂದು ನೋಡ್ತು. ಅಳಿಸಿಹೋಗಿದ್ದು ಮಾತ್ರ ಯಾರಿಗೂ ಗೊತ್ತಾಗ್ಬಾರ್ದಾ?"