ಇಳಿಯದ ಕೈ

ಹರಳೆಣ್ಣೆ ಬೆಚ್ಚಗೆ ಮಾಡಿ ಮೊಮ್ಮಗಳು ಇಂಚರಳ ಎತ್ತಿದ ಬಲಗೈಗೆ ತಿಕ್ಕುತ್ತಿದ್ದೆ. ನಾಡಿನ ಕಾಲೇಜುಗಳಿಗೆಲ್ಲ ಈಗ ಒಬ್ಬರೇ ಮೇಷ್ಟ್ರು, ಪಾಠವೆಲ್ಲ ಮನೆಯ ಪರದೆಯ ಮೇಲೆ. ಪ್ರಶ್ನೆ ಕೇಳಬೇಕಾದವರು ಪರದೆಯ ಮುಂದೆ ಕೈ ಎತ್ತಿಕೊಂಡೇ ಇರಬೇಕು. ಇಳಿಸಿದರೆ ಸರದಿ ಹೋಯಿತು. ಇವಳು ಕೈ ಎತ್ತಿದ್ದು ಹೋದ ಯುಗಾದಿಗೆ. ಮಲಗುವಾಗ ಆ ಕೈಯನ್ನು ಹಳೇ ಸೀರೆಯಿಂದ ಕಿಟಕಿಯ ಸರಳಿಗೆ ಕಟ್ಟುತ್ತೇನೆ. ತುತ್ತೂ ನಾನೇ ಇಡುತ್ತೇನೆ.

"ಮೆಲ್ಲಗೆ ಅಜ್ಜಿ, ಜೋರಾಗಿ ಅಲುಗಿದ್ರೆ ಕೈ ಇಳಿಸ್ದೆ ಅಂತ ಪರದೆ ಬರ್ಕೊಳ್ಳುತ್ತೆ."

"ನಮ್ಮ ರಾತ್ರಿಶಾಲೇಲಿ ಕೈ ಎತ್ತಿದ್ರೆ ಸಾಕು, ಮೇಷ್ಟ್ರು ಲಾಟೀನು ಹಿಡ್ಕೊಂಡು ಪಕ್ಕಕ್ಕೇ ಬರೋರು ಕಣೇ."

"ಶುರುವಾಯ್ತು ನಿನ್ ಪುರಾಣ."

ಅಷ್ಟರಲ್ಲಿ ಪರದೆಯ ಮೇಲೆ ಅವಳ ಹೆಸರು ಬೆಳಗಿತು. ಇಂಚರ ಒಂದೇ ಉಸಿರಿಗೆ ಕೇಳಿದಳು.

"ಸಾರ್, ಮೊದಲನೇ ಪಾಠಾನೇ ಅರ್ಥ ಆಗ್ಲಿಲ್ಲ. ಅದಿಲ್ದೆ ಮುಂದಿನ್ದು ಯಾವ್ದೂ..."

"ಆ ಪಾಠ ತೆಗೆದುಹಾಕಿದ್ದಾರಮ್ಮ. ಮುಂದಿನವರು?"

ಹೆಸರು ಆರಿಹೋಯಿತು. ಅವಳು ಅಳಲಿಲ್ಲ.

"ಇನ್ನಾದ್ರೂ ಕೈ ಇಳಿಸು ಮಗಾ," ಎಂದೆ.

"ಇಳೀತಿಲ್ಲ ಅಜ್ಜಿ."

ಕಾಲೇಜು ಬಿಡುತ್ತೇನೆಂದು ಅವಳು ದೀಪಾವಳಿಯಲ್ಲೇ ಬರೆದು, ಸರದಿ ಬಂದೀತೆಂದು ತಡೆದಿಟ್ಟಿದ್ದ ಪತ್ರವೊಂದು ಪರದೆಯಲ್ಲಿತ್ತು. ಅದನ್ನು ತೆರೆದು, ಎಡಗೈಯಿಂದಲೇ ಒತ್ತಿ, ಕಳಿಸಿದಳು.